ಕೈಕೊಡುವ ಕಾರ್ಡುಗಳ ರಿಪೇರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಫ್ಲ್ಯಾಶ್‌ಕಾರ್ಡ್ ಬಗ್ಗೆ ಬಂದ ಪತ್ರಗಳಲ್ಲಿ ಒಂದೇ ಸಂಕಟ ಬೇರೆ ಬೇರೆ ಮಾತುಗಳಲ್ಲಿದೆ. ಮುಂದೆ ಪ್ರಶ್ನೆ, ಹಿಂದೆ ಉತ್ತರ ಬರೆದ ಈ ಕಾರ್ಡುಗಳಲ್ಲಿ ಕೆಲವು ಎಷ್ಟು ತಿರುವಿದರೂ ತಲೆಗೆ ಹತ್ತುವುದಿಲ್ಲ, ನೆನಪಿನ ಶಕ್ತಿಯೇ ಕಡಿಮೆಯೇನೋ ಎಂದು ಹಲವರು ಬೇಸರಪಟ್ಟಿದ್ದಾರೆ. ಆ ಬೇಸರ ಬೇಡ. ಒಂದು ಕಾರ್ಡು ಮತ್ತೆ ಮತ್ತೆ ಮರೆಯುತ್ತಿದ್ದರೆ ಬಹುಪಾಲು ದೋಷ ಇರುವುದು ಅದನ್ನು ಬರೆದ ರೀತಿಯಲ್ಲಿ. ಬರೆದದ್ದನ್ನು ತಿದ್ದಬಹುದು. ಹೇಗೆ ಎಂಬುದನ್ನು ಕೆಳಗಿನ ಉತ್ತರಗಳಲ್ಲಿ ಬಿಡಿಸಿ ಹೇಳಿದ್ದೇವೆ.

ಪ್ರಶ್ನೆ: ಜೀವಶಾಸ್ತ್ರಕ್ಕೆ ಮುನ್ನೂರು ಕಾರ್ಡು ಮಾಡಿದ್ದೇನೆ. ಮುಂದೆ ‘ದ್ಯುತಿಸಂಶ್ಲೇಷಣೆ ಎಂದರೇನು?’ ಎಂಬಂಥ ಪ್ರಶ್ನೆ, ಹಿಂದೆ ಪಠ್ಯದ ಇಡೀ ಪ್ಯಾರಾ. ಒಂದು ಕಾರ್ಡಿಗೆ ಎರಡು ನಿಮಿಷ ಹಿಡಿಯುತ್ತದೆ. ಅರ್ಧ ನೆನಪಾಗುತ್ತದೆ, ಅರ್ಧ ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ಮಾಡಿರುವುದು ಕಾರ್ಡಿನ ಅಳತೆಗೆ ಕತ್ತರಿಸಿದ ನೋಟ್ಸು. ಆ ಪ್ಯಾರಾದಲ್ಲಿ ಐದಾರು ಸಂಗತಿಗಳಿವೆ. ಅವುಗಳಲ್ಲಿ ಮೂರು ಗಟ್ಟಿಯಾಗಿರಬಹುದು, ಎರಡು ಸಡಿಲವಾಗಿರಬಹುದು. ಆದರೆ ಕಾರ್ಡು ಒಂದೇ ಆದ್ದರಿಂದ ನೀವು ಕೊಡಬಹುದಾದ ತೀರ್ಪೂ ಒಂದೇ: ಗೊತ್ತು, ಇಲ್ಲವೇ ಗೊತ್ತಿಲ್ಲ. ಗೊತ್ತು ಎಂದರೆ ಸಡಿಲವಾದ ಎರಡು ವಾರಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. ಗೊತ್ತಿಲ್ಲ ಎಂದರೆ ಗಟ್ಟಿಯಾದ ಮೂರನ್ನು ಸುಮ್ಮನೆ ಮತ್ತೆ ಮತ್ತೆ ಓದುತ್ತೀರಿ. ಎರಡೂ ನಷ್ಟವೇ.

ಒಂದು ಕಾರ್ಡಿಗೆ ಒಂದು ಪ್ರಶ್ನೆ, ಅದಕ್ಕೆ ಒಂದೇ ಸರಿಯುತ್ತರ. ನಿಮ್ಮ ಕಾರ್ಡನ್ನೇ ಒಡೆದು ನೋಡೋಣ:

ದ್ಯುತಿಸಂಶ್ಲೇಷಣೆಗೆ ಸಸ್ಯ ಗಾಳಿಯಿಂದ ತೆಗೆದುಕೊಳ್ಳುವ ಅನಿಲ? — ಇಂಗಾಲದ ಡೈಆಕ್ಸೈಡ್.
ದ್ಯುತಿಸಂಶ್ಲೇಷಣೆಯಲ್ಲಿ ಹೊರಬೀಳುವ ಆಕ್ಸಿಜನ್ ಯಾವ ಕಚ್ಚಾವಸ್ತುವಿನಿಂದ ಬರುತ್ತದೆ? — ನೀರಿನಿಂದ.
ಎಲೆಯಲ್ಲಿ ಬೆಳಕನ್ನು ಹೀರುವ ಹಸಿರು ವರ್ಣಕದ ಹೆಸರು? — ಪತ್ರಹರಿತ್ತು.
ಎಲೆ ಹಸಿರಾಗಿ ಕಾಣುವುದೇಕೆ? — ಪತ್ರಹರಿತ್ತು ಕೆಂಪು, ನೀಲಿ ಬೆಳಕನ್ನು ಹೆಚ್ಚು ಹೀರುತ್ತದೆ, ಹಸಿರನ್ನು ಕಡಿಮೆ.
ಒಂದು ಗ್ಲೂಕೋಸ್ ಅಣು ತಯಾರಾಗಲು ಎಷ್ಟು ಇಂಗಾಲದ ಡೈಆಕ್ಸೈಡ್ ಅಣು ಬೇಕು? — 6.

ಕಾರ್ಡುಗಳ ಸಂಖ್ಯೆ ಐದು ಪಟ್ಟಾಯಿತು ಎಂದು ಗಾಬರಿಯಾಗಬೇಡಿ. ಇಂಥ ಒಂದು ಕಾರ್ಡಿಗೆ ಹಿಡಿಯುವುದು ಐದರಿಂದ ಹತ್ತು ಸೆಕೆಂಡು. ಸರಿ ಹೇಳಿದ್ದನ್ನು ಹೆಚ್ಚು ದಿನ ಬಿಟ್ಟು, ತಪ್ಪಿದ್ದನ್ನು ಬೇಗ ನೋಡುವ ಕ್ರಮದಲ್ಲಿ ಸುಲಭದವು ಬೇಗ ದೂರ ಹೋಗಿ ತಿಂಗಳಿಗೊಮ್ಮೆ ಬರುತ್ತವೆ, ಕಷ್ಟದವು ಮಾತ್ರ ಹತ್ತಿರ ಉಳಿಯುತ್ತವೆ. ಒಟ್ಟು ಸಮಯ ಕಡಿಮೆಯಾಗುತ್ತದೆ.

ಉತ್ತರ ಹೊಳೆಯಲು ಹದಿನೈದು ಸೆಕೆಂಡಿಗಿಂತ ಹೆಚ್ಚು ಬೇಕಾದರೆ, ಅಥವಾ ಉತ್ತರದಲ್ಲಿ ‘ಮತ್ತು’ ಎಂಬ ಪದ ಎರಡು ಸಲ ಬಂದರೆ, ಆ ಕಾರ್ಡನ್ನು ಒಡೆಯಬೇಕು. ‘ಎಂದರೇನು’, ‘ವಿವರಿಸಿ’, ‘ಟಿಪ್ಪಣಿ ಬರೆಯಿರಿ’ ಎಂಬ ಪರೀಕ್ಷೆಯ ಮಾತುಗಳನ್ನು ಕಾರ್ಡಿನ ಮುಖದ ಮೇಲೆ ಬರೆಯಬೇಡಿ. ಅವು ಕೇಳುವುದು ಪ್ರಬಂಧವನ್ನು. ಬದಲಿಗೆ ‘ಯಾವುದು’, ‘ಏಕೆ’, ‘ಎಷ್ಟು’, ‘ಯಾವುದರಿಂದ’ ಎಂದು ಕೇಳಿ.

ಇನ್ನೊಂದು ಮಾತು. ಪಾಠ ಅರ್ಥವಾಗುವ ಮೊದಲೇ ಕಾರ್ಡು ಮಾಡಬೇಡಿ. ಮೊದಲು ಅಧ್ಯಾಯ ಓದಿ, ಪುಸ್ತಕ ಮುಚ್ಚಿ, ನಿಮ್ಮ ಮಾತಿನಲ್ಲಿ ಮೂರು ವಾಕ್ಯ ಹೇಳಿಕೊಳ್ಳಿ. ಹೇಳಲಾಗದ ಜಾಗವನ್ನು ಮತ್ತೆ ಓದಿ, ಆಮೇಲೆ ಕಾರ್ಡು ಬರೆಯಿರಿ. ಅರ್ಥವಾಗದ ಸಂಗತಿಯ ಕಾರ್ಡು ಗಿಳಿಪಾಠವಾಗುತ್ತದೆ, ಮತ್ತು ಗಿಳಿಪಾಠವೇ ಎಲ್ಲಕ್ಕಿಂತ ಬೇಗ ಅಳಿಸಿಹೋಗುವುದು. ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಮರೆವಿನ ಪ್ರಸಿದ್ಧ ರೇಖೆ ಮೊದಲ ಗಂಟೆಗಳಲ್ಲೇ ಕಡಿದಾಗಿ ಇಳಿಯುತ್ತದೆ. ಅವರು ಕಂಠಪಾಠ ಮಾಡಿದ್ದು ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ಎಂಬುದನ್ನೂ ಜೊತೆಗೆ ನೆನಪಿಡಬೇಕು. ಅರ್ಥವಾಗದ್ದನ್ನು ಕಾರ್ಡಿಗೆ ಇಳಿಸಿದರೆ ನಾವೂ ಅದೇ ಕೆಲಸ ಮಾಡಿದಂತೆ.

ಪ್ರಶ್ನೆ: ನಾನು ಕಾರ್ಡುಗಳಿಗೆ ಆಂಕಿ ಎಂಬ ಆ್ಯಪ್ ಬಳಸುತ್ತೇನೆ, ಯಾವ ಕಾರ್ಡು ಯಾವ ದಿನ ಎಂದು ಅದೇ ತೋರಿಸುತ್ತದೆ. ಅಪಧಮನಿ, ಅಭಿಧಮನಿ ಕಾರ್ಡುಗಳನ್ನು ಮೂರು ತಿಂಗಳಿಂದ ತಪ್ಪುತ್ತಲೇ ಇದ್ದೇನೆ. ಈಗ ಆ್ಯಪ್ ಅವಕ್ಕೆ ‘ಲೀಚ್’ ಎಂಬ ಹಣೆಪಟ್ಟಿ ಹಚ್ಚಿದೆ. ಹೀಗೆಂದರೇನು? ಇಂಥವು ಇನ್ನೂ ಹದಿನಾಲ್ಕಿವೆ. ಎಲ್ಲವನ್ನೂ ದಿನಕ್ಕೆ ಹತ್ತು ಸಲ ನೋಡಿದರೆ ಸರಿಹೋದೀತೆ?

ಉತ್ತರ: ಹತ್ತು ಸಲ ನೋಡಿದರೆ ಸಂಜೆಯವರೆಗೆ ಇರುತ್ತದೆ, ವಾರದ ಹೊತ್ತಿಗೆ ಮತ್ತೆ ಕೈಕೊಡುತ್ತದೆ. ದಯವಿಟ್ಟು ಆ ದಾರಿ ಬಿಡಿ.

ಲೀಚ್ ಎಂದರೆ ಜಿಗಣೆ. ಒಮ್ಮೆ ಕಲಿತ ಕಾರ್ಡನ್ನು ಎಂಟು ಸಲ ಮರೆತರೆ ಆಂಕಿ ಅದಕ್ಕೆ ಈ ಗುರುತು ಹಾಕುತ್ತದೆ. ಆಮೇಲೂ ಮರೆಯುತ್ತಿದ್ದರೆ ಪ್ರತಿ ನಾಲ್ಕು ಸಲಕ್ಕೊಮ್ಮೆ ಮತ್ತೆ ಎಚ್ಚರಿಸುತ್ತದೆ. ಎಂಟು ಎಂಬುದು ಆ್ಯಪ್‌ನ ಮೂಲ ಸೆಟ್ಟಿಂಗ್. ಅದನ್ನು ಐದಕ್ಕೆ ಇಳಿಸುವುದು ಒಳ್ಳೆಯದು, ಕಾಯಿಲೆ ಬೇಗ ಗೊತ್ತಾಗುತ್ತದೆ. ಹೆಸರು ಸರಿಯಾಗಿಯೇ ಇದೆ. ಇಂಥ ಕೆಲವೇ ಕಾರ್ಡುಗಳು ದಿನದ ಓದಿನ ದೊಡ್ಡ ಪಾಲನ್ನು ಹೀರುತ್ತವೆ.

ರಿಪೇರಿಗೆ ಮೊದಲು ರೋಗ ಗುರುತಿಸಬೇಕು. ಜಿಗಣೆ ಕಾರ್ಡು ಬಂದಾಗ ತಿರುಗಿಸುವ ಮೊದಲು ನಿಮ್ಮ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದಿಡಿ, ತಪ್ಪೇ ಇದ್ದರೂ ಸರಿ. ಹೀಗೆ ಮೂರು ಸಲ ಬರೆದು, ಮೂರನ್ನೂ ಒಟ್ಟಿಗೆ ನೋಡಿ. ತಪ್ಪಿನ ರೂಪವೇ ಕಾರಣ ಹೇಳುತ್ತದೆ.

ಮೂರೂ ಸಲ ಒಂದೇ ತಪ್ಪು ಬಂದಿದ್ದರೆ ಇನ್ನೊಂದು ಕಾರ್ಡು ಇದರ ಜಾಗಕ್ಕೆ ನುಗ್ಗುತ್ತಿದೆ. ಎರಡು ಬಹಳ ಹೋಲುತ್ತವೆ, ಬೇರ್ಪಡಿಸುವ ಗೆರೆ ಇಲ್ಲ. ಏನೂ ಹೊಳೆಯದೆ ಹಾಳೆ ಖಾಲಿ ಉಳಿದಿದ್ದರೆ ಆ ಸಂಗತಿ ನಿಮಗೆ ಗೊತ್ತಿರುವ ಯಾವುದಕ್ಕೂ ಅಂಟಿಕೊಂಡಿಲ್ಲ. ಅರ್ಧ ಸರಿ, ಅರ್ಧ ತಪ್ಪು ಇದ್ದರೆ ಕಾರ್ಡು ದೊಡ್ಡದಾಯಿತು, ಹಿಂದಿನ ಉತ್ತರದಲ್ಲಿ ಹೇಳಿದಂತೆ ಒಡೆಯಿರಿ. ನೀವು ಬರೆದದ್ದು ಸರಿಯೇ ಆಗಿದ್ದು, ಕಾರ್ಡಿನ ಹಿಂದೆ ಬೇರೇನೋ ಇದ್ದರೆ ಪ್ರಶ್ನೆಯೇ ಅಸ್ಪಷ್ಟ.

ನಿಮ್ಮದು ಮೊದಲನೆಯ ಬಗೆ. ಎರಡು ಹೆಸರೂ ‘ಅ’ದಿಂದ ಶುರುವಾಗಿ ‘ಧಮನಿ’ಯಲ್ಲಿ ಮುಗಿಯುತ್ತವೆ. ನಡುವೆ ಇರುವ ವ್ಯತ್ಯಾಸ ಒಂದೇ ಅಕ್ಷರ. ನೀವು ಮಾಡಬೇಕಾದ್ದು ಹೀಗೆ.

ಮೊದಲು ಎರಡರಲ್ಲಿ ಒಂದನ್ನು ತಡೆಹಿಡಿಯಿರಿ. ಆ್ಯಪ್‌ನಲ್ಲಿ ಸಸ್ಪೆಂಡ್ ಮಾಡಿ, ಕಾಗದದ ಕಾರ್ಡಾದರೆ ಕಟ್ಟಿನಿಂದ ತೆಗೆದಿಡಿ. ಉಳಿದದ್ದು ಎರಡು ವಾರದ ಅಂತರದಲ್ಲಿ ಸರಿಬರುವವರೆಗೆ ಇನ್ನೊಂದು ಬರಬಾರದು. ಹೋಲುವ ಎರಡನ್ನು ಒಟ್ಟಿಗೆ ಕಲಿಯಲು ಹೋದದ್ದೇ ಗೋಜಲಿನ ಮೂಲ.

ಎರಡನೆಯದು, ವ್ಯತ್ಯಾಸವನ್ನೇ ಕೇಳುವ ಕಾರ್ಡು ಬರೆಯುವುದು. ‘ಅಪ’ ಎಂದರೆ ದೂರಕ್ಕೆ, ಆಚೆಗೆ. ಅಪಹರಣ ಎಂಬಲ್ಲಿ ಇರುವುದು ಇದೇ. ‘ಅಭಿ’ ಎಂದರೆ ಕಡೆಗೆ. ಅಭಿಮುಖ ಎನ್ನುತ್ತೇವಲ್ಲ, ಅದು. ಹೃದಯದಿಂದ ರಕ್ತವನ್ನು ಆಚೆಗೆ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ಹೊಸ ಕಾರ್ಡಿನ ಮುಂದೆ: ‘ಅಪಹರಣದ ಅಪ, ಅಭಿಮುಖದ ಅಭಿ: ಹೃದಯದಿಂದ ರಕ್ತವನ್ನು ಆಚೆ ಒಯ್ಯುವ ನಾಳ?’ ಎಂದಿರಲಿ. ಒಂದು ತಿಂಗಳು ಕಳೆದ ಮೇಲೆ ಸುಳಿವನ್ನು ಅಳಿಸಿ ಪ್ರಶ್ನೆಯನ್ನಷ್ಟೇ ಉಳಿಸಿ. ಸುಳಿವು ಊರುಗೋಲು, ಕಾಲು ಗಟ್ಟಿಯಾದ ಮೇಲೆ ಬೇಡ.

ಮೂರನೆಯದು, ಕಾರ್ಡಿನ ಉತ್ತರ ನಿಜವೇ ಎಂದು ಪರೀಕ್ಷಿಸುವುದು. ‘ಅಪಧಮನಿ: ಶುದ್ಧರಕ್ತ ಒಯ್ಯುವುದು’ ಎಂದು ಬರೆದಿದ್ದೀರಾದರೆ ಅದನ್ನು ಹೊಡೆದುಹಾಕಿ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಇರುವುದು ಆಕ್ಸಿಜನ್ ಕಡಿಮೆಯಿರುವ ರಕ್ತ. ಅಲ್ಲಿಂದ ಹೃದಯಕ್ಕೆ ಮರಳುವ ಅಭಿಧಮನಿಯಲ್ಲಿ ಆಕ್ಸಿಜನ್ ತುಂಬಿದ ರಕ್ತ. ತರಗತಿಯಲ್ಲಿ ಇದನ್ನು ಕೇಳಿದ ದಿನವೇ ನಿಮ್ಮ ಕಾರ್ಡು ಅಲುಗಾಡಲು ಶುರುವಾಗಿರಬಹುದು. ಸುಳ್ಳನ್ನು ಹೊತ್ತ ಕಾರ್ಡು ಎಂದಿಗೂ ಗಟ್ಟಿಯಾಗುವುದಿಲ್ಲ, ಏಕೆಂದರೆ ನಿಮಗೆ ಗೊತ್ತಿರುವ ಇತರ ಸಂಗತಿಗಳು ಅದನ್ನು ತಳ್ಳುತ್ತಲೇ ಇರುತ್ತವೆ.

ಕೊನೆಗೆ, ಕಾರಣ ಕೇಳುವ ಒಂದೆರಡು ಕಾರ್ಡು ಸೇರಿಸಿ. ಅಪಧಮನಿಯ ಗೋಡೆ ದಪ್ಪ ಏಕೆ? ಹೃದಯ ತಳ್ಳಿದ ರಕ್ತದ ಒತ್ತಡ ತಡೆಯಬೇಕು. ಕೈಕಾಲುಗಳ ಅಭಿಧಮನಿಯಲ್ಲಿ ಕವಾಟಗಳೇಕೆ? ಒತ್ತಡ ಕಡಿಮೆ, ರಕ್ತ ಹಿಂದಕ್ಕೆ ಹರಿಯದಂತೆ ತಡೆಯಬೇಕು. ಈ ಎರಡು ಸೇರಿದ ಮೇಲೆ ಹೆಸರುಗಳು ಬರೀ ಹೆಸರುಗಳಾಗಿ ಉಳಿಯುವುದಿಲ್ಲ.

ತಿದ್ದಿದ ಮೇಲೆ ಆ್ಯಪ್‌ನಲ್ಲಿ ಇನ್ನೂ ಮೂರು ಕೆಲಸ ಇವೆ: ಕಾರ್ಡು ಸಸ್ಪೆಂಡ್ ಆಗಿದ್ದರೆ ಅದನ್ನು ತೆಗೆಯುವುದು, ಲೀಚ್ ಟ್ಯಾಗ್ ಅಳಿಸುವುದು, ಬ್ರೌಸ್ ಪರದೆಯಲ್ಲಿ ರೀಸೆಟ್ ಮಾಡಿ ಹೊಸ ಕಾರ್ಡಿನಂತೆ ಮೊದಲಿನಿಂದ ಶುರುಮಾಡುವುದು. ರೀಸೆಟ್ ಮಾಡುವಾಗ ಮರೆತ ಲೆಕ್ಕವನ್ನೂ ಸೊನ್ನೆಗೆ ತರುವ ಆಯ್ಕೆ ಇದೆ, ಅದನ್ನು ಗುರುತು ಮಾಡಿ. ಪ್ರಶ್ನೆ ಬದಲಾದ ಮೇಲೆ ಹಳೆಯ ಲೆಕ್ಕಕ್ಕೆ ಅರ್ಥವಿಲ್ಲ.

ಹದಿನಾಲ್ಕನ್ನೂ ಒಂದೇ ದಿನ ರಿಪೇರಿ ಮಾಡಲು ಕೂರಬೇಡಿ. ದಿನಕ್ಕೆ ಎರಡು ಸಾಕು.

ಪ್ರಶ್ನೆ: ‘ಪೀನ: ಬೆಳಕನ್ನು ಕೂಡಿಸುತ್ತದೋ ಚದುರಿಸುತ್ತದೋ?’ ಎಂಬ ಕಾರ್ಡು ನನಗೆ ಜಿಗಣೆಯಾಗಿದೆ. ಒಮ್ಮೆ ಸರಿ, ಒಮ್ಮೆ ತಪ್ಪು.

ಉತ್ತರ: ನಿಮ್ಮ ಎರಡು ಉತ್ತರಗಳೂ ಸರಿ! ಪೀನ ಮಸೂರ ಕೂಡಿಸುತ್ತದೆ, ಪೀನ ದರ್ಪಣ ಚದುರಿಸುತ್ತದೆ. ಕಾರ್ಡು ಯಾವುದನ್ನು ಕೇಳುತ್ತಿದೆ ಎಂದು ಬರೆದಿಲ್ಲ. ಬರೆದ ದಿನ ಪಾಠ ತಲೆಯಲ್ಲಿತ್ತು, ಮಸೂರ ಎಂದು ಹೇಳುವ ಅಗತ್ಯ ಕಾಣಲಿಲ್ಲ. ಎರಡು ತಿಂಗಳ ಬಳಿಕ ಆ ಸಂದರ್ಭ ಮಾಯವಾಯಿತು. ಪ್ರತಿ ಕಾರ್ಡನ್ನೂ ಬೇರೆ ವಿಷಯದ ಕಾರ್ಡುಗಳ ನಡುವೆ ಏಕಾಏಕಿ ಬಂದರೆ ಹೇಗೆ ಓದಿಸಿಕೊಳ್ಳುತ್ತದೆ ಎಂದು ಊಹಿಸಿ ಬರೆಯಬೇಕು. ‘ಇದು’, ‘ಅದು’, ‘ಮೇಲಿನ ಪ್ರಯೋಗದಲ್ಲಿ’ ಎಂಬ ಪದಗಳು ಕಂಡಲ್ಲೆಲ್ಲ ಹೆಸರು ಬರೆಯಿರಿ.

ಜೊತೆಗೆ ‘ಇದೋ ಅದೋ’ ಎಂದು ಎರಡು ಆಯ್ಕೆ ಕೊಡುವ ಪ್ರಶ್ನೆಯಲ್ಲಿ ಕಣ್ಣುಮುಚ್ಚಿ ಹೇಳಿದರೂ ಅರ್ಧ ಸಲ ಸರಿಯಾಗುತ್ತದೆ. ಹಾಗಾಗಿ ಉತ್ತರದ ಜೊತೆ ‘ಏಕೆ’ಯನ್ನೂ ಕೇಳಿ, ಅಥವಾ ರೇಖಾಚಿತ್ರ ಬರೆಯಲು ಹೇಳಿ. ಪೀನ ಎಂದರೆ ಉಬ್ಬಿದ್ದು, ನಿಮ್ನ ಎಂದರೆ ತಗ್ಗಾದದ್ದು. ಈ ಅರ್ಥ ಗೊತ್ತಿದ್ದರೆ ಆಕಾರ ಕಣ್ಣಿಗೆ ಕಟ್ಟುತ್ತದೆ, ಕಿರಣ ಎತ್ತ ಬಾಗುತ್ತದೆ ಎಂದು ಚಿತ್ರ ಬರೆದು ತೀರ್ಮಾನಿಸಬಹುದು.

ಪ್ರಶ್ನೆ: ಪಟ್ಟಿಗಳನ್ನು ಏನು ಮಾಡುವುದು? ವಿದ್ಯುತ್ಕಾಂತೀಯ ರೋಹಿತದ ಏಳು ಭಾಗಗಳನ್ನು ಕ್ರಮವಾಗಿ ಹೇಳಬೇಕು. ಪ್ರತಿ ಸಲ ಯಾವುದೋ ಒಂದು ಬಿಟ್ಟುಹೋಗುತ್ತದೆ.

ಉತ್ತರ: ‘ಏಳನ್ನೂ ಹೇಳಿ’ ಎಂಬ ಒಂದೇ ಕಾರ್ಡು ಸೋಲುವುದು ಖಂಡಿತ. ಆರು ನೆನಪಿದ್ದು ಒಂದು ಬಿಟ್ಟರೂ ಪೂರ್ತಿ ಸೋತಂತೆ. ಪಟ್ಟಿಗೆ ‘ಬಿಟ್ಟ ಸ್ಥಳ ತುಂಬಿ’ಯೇ ಮದ್ದು. ಆದರೆ ಏಳು ಜಾಗವನ್ನೂ ಒಟ್ಟಿಗೆ ಖಾಲಿ ಬಿಡಬಾರದು. ಒಂದು ಕಾರ್ಡಿನಲ್ಲಿ ಒಂದೇ ಖಾಲಿ ಜಾಗ, ಅಕ್ಕಪಕ್ಕದವು ಕಾಣುತ್ತಿರಲಿ.

ಆವರ್ತನ ಏರುವ ಕ್ರಮದಲ್ಲಿ: ರೇಡಿಯೊ, ಮೈಕ್ರೋವೇವ್, ಅವಕೆಂಪು, ದೃಗ್ಗೋಚರ ಬೆಳಕು, ನೇರಳಾತೀತ, ಕ್ಷ-ಕಿರಣ, ಗಾಮಾ. ಕಾರ್ಡುಗಳು ಹೀಗೆ:

_____ → ಮೈಕ್ರೋವೇವ್ (ಎಲ್ಲಕ್ಕಿಂತ ಕಡಿಮೆ ಆವರ್ತನ)
ರೇಡಿಯೊ → _____ → ಅವಕೆಂಪು
ಮೈಕ್ರೋವೇವ್ → _____ → ದೃಗ್ಗೋಚರ

ಇದೇ ರೀತಿ ಕೊನೆಯವರೆಗೆ, ಒಟ್ಟು ಏಳು. ಒಂದು ವಾರದ ನಂತರ, ಇವು ಸಲೀಸಾದ ಮೇಲೆ, ಮುಂದಿನದನ್ನು ಮುಚ್ಚಿ ಹಿಂದಿನ ಎರಡನ್ನಷ್ಟೇ ತೋರಿಸುವ ಕಾರ್ಡುಗಳಿಗೆ ಬದಲಿಸಿ. ಇಡೀ ಪಟ್ಟಿಯನ್ನು ಕೇಳುವ ಕಾರ್ಡು ಬೇಕಿದ್ದರೆ ಅದನ್ನು ಕಟ್ಟಕಡೆಗೆ ಸೇರಿಸಿ.

ಇಷ್ಟಕ್ಕೇ ನಿಲ್ಲಿಸಿದರೆ ಅದು ಮಗ್ಗಿಯಂತಾಗುತ್ತದೆ, ನಡುವಿನಿಂದ ಕೇಳಿದರೆ ಮೊದಲಿನಿಂದ ಹೇಳಿಕೊಂಡು ಬರಬೇಕಾಗುತ್ತದೆ. ಹೆಸರುಗಳಲ್ಲೇ ಇರುವ ಆಧಾರವನ್ನು ಬಳಸಿ. ಅವಕೆಂಪು ಎಂದರೆ ಕೆಂಪಿಗಿಂತ ಕೆಳಗಿನದು, ನೇರಳಾತೀತ ಎಂದರೆ ನೇರಳೆಯನ್ನು ದಾಟಿದ್ದು. ಕಣ್ಣಿಗೆ ಕಾಣುವ ಬೆಳಕು ಸುಮಾರು 700 ನ್ಯಾನೋಮೀಟರ್ ಕೆಂಪಿನಿಂದ 400 ನ್ಯಾನೋಮೀಟರ್ ನೇರಳೆಯವರೆಗೆ ಎಂದು ಗೊತ್ತಿದ್ದರೆ, ಅದರ ಎರಡು ಬದಿಗೆ ಈ ಎರಡು ತಾವಾಗಿ ಕೂರುತ್ತವೆ. ನಡುವಿನ ಮೂರು ಗಟ್ಟಿಯಾದರೆ ಉಳಿಯುವುದು ತುದಿಗಳು ಮಾತ್ರ.

ಪಟ್ಟಿಗೆ ಸಹಜವಾದ ಕ್ರಮವೇ ಇಲ್ಲದಿದ್ದರೆ ಒಂದನ್ನು ಹುಡುಕಿ. 1610ರಲ್ಲಿ ಗೆಲಿಲಿಯೊ ಕಂಡ ಗುರುಗ್ರಹದ ನಾಲ್ಕು ಉಪಗ್ರಹಗಳನ್ನು ಗುಂಪಾಗಿ ನೆನಪಿಡುವುದಕ್ಕಿಂತ ಗ್ರಹದಿಂದ ದೂರ ಹೋಗುವ ಸಾಲಿನಲ್ಲಿ ನೆನಪಿಡುವುದು ಸುಲಭ: ಐಯೊ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ. ಸಾಲಿದ್ದರೆ ಯಾವ ಜಾಗ ಖಾಲಿ ಎಂದು ಗೊತ್ತಾಗುತ್ತದೆ. ಗುಂಪಿನಲ್ಲಿ ಅದು ಗೊತ್ತಾಗುವುದಿಲ್ಲ.

ಪ್ರಶ್ನೆ: ಜಡಾನಿಲಗಳ ಪರಮಾಣು ಸಂಖ್ಯೆ ನೆನಪೇ ಉಳಿಯುವುದಿಲ್ಲ. ಆರು ಕಾರ್ಡು, ಆರೂ ಜಿಗಣೆ. ನೀವು ಹೇಳುವಂತೆ ಒಂದೊಂದರಲ್ಲಿ ಒಂದೇ ಸಂಗತಿ ಇದೆಯಲ್ಲ?

ಉತ್ತರ: ಇದೆ, ಆದರೆ ಆ ಆರೂ ಒಂಟಿಯಾಗಿವೆ. ಕ್ರಿಪ್ಟಾನ್‌ಗೆ 36 ಏಕೆ, 38 ಏಕಲ್ಲ ಎಂದು ಹೇಳುವ ಏನೂ ಕಾರ್ಡಿನಲ್ಲಿಲ್ಲ. ಹಾಳೆ ಖಾಲಿ ಉಳಿಯುವ ಬಗೆಯ ಮರೆವು ಇದು. ಸಂಖ್ಯೆಗಳನ್ನು ಸಾಲಾಗಿ ಬರೆದು ನೋಡಿ: ಹೀಲಿಯಂ 2, ನಿಯಾನ್ 10, ಆರ್ಗಾನ್ 18, ಕ್ರಿಪ್ಟಾನ್ 36, ಕ್ಸೆನಾನ್ 54, ರೇಡಾನ್ 86. ಈಗ ಅಂತರ ನೋಡಿ: 8, 8, 18, 18, 32. ಹೀಲಿಯಂನ 2ರಿಂದ ಹೊರಟು ಈ ಐದು ಅಂತರಗಳನ್ನು ಕೂಡಿಸುತ್ತ ಹೋದರೆ ಆರೂ ಸಿಗುತ್ತವೆ. ಅಂತರಗಳು ಆವರ್ತ ಕೋಷ್ಟಕದ ಸಾಲುಗಳ ಉದ್ದಗಳೇ ಆಗಿವೆ.

ಹಾಗಾಗಿ ಮೊದಲ ಕಾರ್ಡು ಅಂತರಗಳದ್ದಾಗಲಿ, ಹಳೆಯ ಆರು ಅದರ ನಂತರ ಬರಲಿ. ಮರೆತಾಗ ತಕ್ಷಣ ತಿರುಗಿಸದೆ ಲೆಕ್ಕ ಹಾಕಿ ತಲುಪಲು ಯತ್ನಿಸಿ. ತಲುಪಿದರೆ ಅದನ್ನು ಸರಿ ಎಂದೇ ಎಣಿಸಿ. ಕೆಲವು ಸುತ್ತಿನ ಮೇಲೆ ಲೆಕ್ಕ ಬೇಕಾಗುವುದಿಲ್ಲ, ಸಂಖ್ಯೆ ನೇರವಾಗಿ ನಾಲಿಗೆಗೆ ಬರುತ್ತದೆ. ಇಸವಿಗಳಿಗೂ ಇದೇ ಮಾತು. ಒಂಟಿ ಇಸವಿಗಿಂತ, ಗೊತ್ತಿರುವ ಘಟನೆಗೆ ಎಷ್ಟು ವರ್ಷ ಮೊದಲು ಅಥವಾ ನಂತರ ಎಂಬ ಕಾರ್ಡು ಹೆಚ್ಚು ಕಾಲ ಬಾಳುತ್ತದೆ.

ಪ್ರಶ್ನೆ: ಕಾರ್ಡು ನೋಡಿದ ಕೂಡಲೇ ಉತ್ತರ ಹೇಳುತ್ತೇನೆ. ಪರೀಕ್ಷೆಯಲ್ಲಿ ಅದೇ ಸಂಗತಿ ಕೇಳಿದರೆ ತಡವರಿಸುತ್ತೇನೆ.

ಉತ್ತರ: ನೀವು ಕಾರ್ಡಿನ ಮುಖಚಹರೆ ಕಲಿತಿದ್ದೀರಿ. ಮೊದಲ ಎರಡು ಪದ, ಪ್ರಶ್ನೆಯ ಉದ್ದ, ಮೂಲೆಯ ಕಲೆ, ಯಾವ ಕಾರ್ಡಿನ ನಂತರ ಬರುತ್ತದೆ ಎಂಬುದು, ಇಷ್ಟೇ ಉತ್ತರವನ್ನು ಎಳೆದು ತರುತ್ತಿವೆ. ಉದ್ದನೆಯ ವಾಕ್ಯದಲ್ಲಿ ಒಂದು ಪದ ಬಿಟ್ಟ ಕಾರ್ಡುಗಳಲ್ಲಿ ಇದು ತೀರಾ ಹೆಚ್ಚು, ಏಕೆಂದರೆ ವಾಕ್ಯ ಓದದೆಯೇ ಅದರ ಆಕಾರ ನೋಡಿ ಉತ್ತರ ಬರುತ್ತದೆ.

ಪ್ರಶ್ನೆಯನ್ನು ಹತ್ತು ಹನ್ನೆರಡು ಪದಕ್ಕೆ ಇಳಿಸಿ. ಮುಖ್ಯ ಸಂಗತಿಗೆ ಎರಡು ದಿಕ್ಕಿನಿಂದ ಕಾರ್ಡು ಮಾಡಿ: ಹೆಸರು ಕೊಟ್ಟು ಕೆಲಸ ಕೇಳುವುದು ಒಂದು, ಕೆಲಸ ಕೊಟ್ಟು ಹೆಸರು ಕೇಳುವುದು ಇನ್ನೊಂದು. ಮೂರನೆಯದೊಂದು ಹೊಸ ಸಂದರ್ಭದಲ್ಲಿ ಅದನ್ನೇ ಬಳಸಲು ಹೇಳಲಿ. ಪ್ರತಿದಿನ ಕಟ್ಟನ್ನು ಚೆನ್ನಾಗಿ ಕಲೆಸಿ. ತಿರುಗಿಸುವ ಮೊದಲು ಉತ್ತರವನ್ನು ಬಾಯಿಬಿಟ್ಟು ಹೇಳಿ ಅಥವಾ ಬರೆಯಿರಿ. ‘ಗೊತ್ತಿದೆ ಬಿಡು’ ಎಂದು ಮನಸ್ಸಿನಲ್ಲೇ ಅಂದುಕೊಂಡು ತಿರುಗಿಸಿದರೆ ನೀವು ಉತ್ತರ ನೆನಪಿಸಿಕೊಂಡಿರುವುದಿಲ್ಲ, ಬರೀ ಗುರುತು ಹಿಡಿದಿರುತ್ತೀರಿ.

ಬರೀ ಮರು ಓದು ಮತ್ತು ನೆನಪಿಸಿಕೊಳ್ಳುವಿಕೆಯ ನಡುವಿನ ವ್ಯತ್ಯಾಸ ಸಣ್ಣದಲ್ಲ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಪರೀಕ್ಷಿಸಿದಾಗ, ಪುಸ್ತಕ ನೋಡದೆ ನೆನಪಿಸಿಕೊಂಡವರು ಸುಮಾರು 56 ಶೇಕಡಾ ಹೇಳಿದರೆ ಮತ್ತೆ ಓದಿದವರು ಸುಮಾರು 42 ಶೇಕಡಾ. ಓದಿದ ಕೂಡಲೇ ಸಿಗುವ ‘ಬಂತು’ ಎಂಬ ಭಾವನೆಯನ್ನು ನಂಬಬೇಡಿ.

ಪ್ರಶ್ನೆ: ನನಗೆ ಆ್ಯಪ್ ಬೇಡ. ಕಾಗದದ ಕಾರ್ಡುಗಳನ್ನು ಯಾವ ದಿನ ಯಾವುದು ಎಂದು ಹೇಗೆ ನಿಭಾಯಿಸಲಿ?

ಉತ್ತರ: ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದ ಆರಂಭದಲ್ಲಿ ಪ್ರಚಾರಕ್ಕೆ ತಂದ ಪೆಟ್ಟಿಗೆಯ ಕ್ರಮ ಇಂದಿಗೂ ಸಾಕು. 3×5 ಅಂಗುಲದ ದಪ್ಪ ಕಾರ್ಡು ತೆಗೆದುಕೊಳ್ಳಿ. ತೆಳು ಹಾಳೆಯಾದರೆ ಹಿಂದಿನ ಉತ್ತರ ಮಸುಕಾಗಿ ಕಾಣುತ್ತದೆ, ಅರಿವಿಲ್ಲದೆಯೇ ಕಣ್ಣು ಅತ್ತ ಹೋಗುತ್ತದೆ. ಒಂದು ಪೆಟ್ಟಿಗೆಯಲ್ಲಿ ಐದು ಖಾನೆ ಮಾಡಿ. ಒಂದನೇ ಖಾನೆ ಪ್ರತಿದಿನ, ಎರಡನೆಯದು ಎರಡು ದಿನಕ್ಕೊಮ್ಮೆ, ಮೂರನೆಯದು ನಾಲ್ಕು ದಿನಕ್ಕೊಮ್ಮೆ, ನಾಲ್ಕನೆಯದು ಎಂಟು, ಐದನೆಯದು ಹದಿನಾರು ದಿನಕ್ಕೊಮ್ಮೆ. ಸರಿ ಹೇಳಿದ ಕಾರ್ಡು ಒಂದು ಖಾನೆ ಮುಂದೆ. ತಪ್ಪಿದ್ದು ಎಲ್ಲಿಯೇ ಇರಲಿ, ಒಂದನೇ ಖಾನೆಗೆ ವಾಪಸ್. ಐದನೆಯದರಲ್ಲೂ ಸರಿಯಾದದ್ದನ್ನು ಬೇರೆ ಕಟ್ಟಿಟ್ಟು ಎರಡು ತಿಂಗಳಿಗೊಮ್ಮೆ ತಿರುವಿ.

ಒಂದನೇ ಖಾನೆಗೆ ವಾಪಸ್ ಬಂದಾಗಲೆಲ್ಲ ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನ ಚುಕ್ಕೆ ಇಡಿ. ನಾಲ್ಕನೇ ಚುಕ್ಕೆ ಬಿದ್ದ ದಿನ ಆ ಕಾರ್ಡನ್ನು ಪೆಟ್ಟಿಗೆಯಿಂದ ಹೊರತೆಗೆದು ಹೊಸ ಕಾರ್ಡಿನ ಮೇಲೆ ಬೇರೆ ರೀತಿಯಲ್ಲಿ ಬರೆಯಿರಿ. ಹಳೆಯದರ ಮೇಲೆಯೇ ಗೀಚಿ ತಿದ್ದಬೇಡಿ, ಹಳೆಯ ತಪ್ಪು ಉತ್ತರದ ನೆನಪೂ ಅದಕ್ಕೆ ಅಂಟಿರುತ್ತದೆ.

ಪ್ರಶ್ನೆ: ಆಂಕಿಯಲ್ಲಿ ಮರೆತಾಗ ‘ಅಗೇನ್’ ಒತ್ತಲು ಮನಸ್ಸಾಗುವುದಿಲ್ಲ, ‘ಹಾರ್ಡ್’ ಒತ್ತುತ್ತೇನೆ. ಹದಿನೈದು ದಿನ ಬಿಟ್ಟಿದ್ದರಿಂದ ಈಗ 900 ಕಾರ್ಡು ಬಾಕಿ.

ಉತ್ತರ: ಹಾರ್ಡ್ ಎಂದರೆ ‘ಕಷ್ಟಪಟ್ಟು ನೆನಪಾಯಿತು’ ಎಂದರ್ಥ. ಮರೆತು ಹಾರ್ಡ್ ಒತ್ತಿದರೆ ನಿಮಗೆ ಗೊತ್ತಿದೆ ಎಂದೇ ಆ್ಯಪ್ ಎಣಿಸಿ ಕಾರ್ಡನ್ನು ಇನ್ನೂ ದೂರ ತಳ್ಳುತ್ತದೆ. ಮರೆತ ಲೆಕ್ಕಕ್ಕೂ ಅದು ಸೇರುವುದಿಲ್ಲ, ಹಾಗಾಗಿ ಜಿಗಣೆ ಎಂಬ ಎಚ್ಚರಿಕೆಯೂ ಬರುವುದಿಲ್ಲ. ಕಾರ್ಡನ್ನು ಮತ್ತೆ ಯಾವಾಗ ತೋರಿಸಬೇಕು ಎಂದು ನಿರ್ಧರಿಸಲು ಆಂಕಿಯಲ್ಲಿ 2023ರಲ್ಲಿ ಬಂದ ಲೆಕ್ಕಾಚಾರ ಎಫ್‌ಎಸ್‌ಆರ್‌ಎಸ್ ಅನ್ನು ಆನ್ ಮಾಡಿಕೊಂಡವರಿಗೆ ಇದು ಇನ್ನೂ ಹಾನಿ. ಅದು ನಿಮ್ಮ ಒತ್ತುಗಳಿಂದಲೇ ನಿಮ್ಮ ಮರೆವಿನ ವೇಗ ಕಲಿಯುತ್ತದೆ, ಸುಳ್ಳು ಒತ್ತಿನಿಂದ ಸುಳ್ಳು ಅಂತರ ಕೊಡುತ್ತದೆ. ಮರೆತರೆ ಅಗೇನ್, ನೆನಪಾದರೆ ಗುಡ್. ಈ ಎರಡೇ ಬಟನ್‌ನಿಂದ ಇಡೀ ವರ್ಷ ನಡೆಸಬಹುದು.

ಬಾಕಿ ತೀರಿಸಲು ದಿನದ ಹೊಸ ಕಾರ್ಡುಗಳ ಸಂಖ್ಯೆಯನ್ನು ಸೊನ್ನೆಗೆ ಇಳಿಸಿ. ದಿನಕ್ಕೆ ನಿಗದಿತ ಸಂಖ್ಯೆ, ಉದಾಹರಣೆಗೆ 120, ಎಂದು ಮಿತಿ ಹಾಕಿ. ಒಂದಕ್ಕೆ ಎಂಟು ಸೆಕೆಂಡಿನಂತೆ ಅದು ಹದಿನಾರು ನಿಮಿಷ. ದಿನಕ್ಕೆ 60 ಹೊಸದಾಗಿ ಬಾಕಿಗೆ ಸೇರುತ್ತವೆ ಎಂದುಕೊಂಡರೂ 60ರಂತೆ ಕರಗುತ್ತದೆ, ಹದಿನೈದು ಇಪ್ಪತ್ತು ದಿನದಲ್ಲಿ ಹಳಿಗೆ ಬರುತ್ತದೆ. ಈ ಅವಧಿಯಲ್ಲಿ ಮರೆತದ್ದನ್ನೆಲ್ಲ ಜಿಗಣೆ ಎಂದು ತಿಳಿಯಬೇಡಿ. ತಡವಾಗಿ ನೋಡಿದ ಕಾರ್ಡು ಮರೆತಿರುವುದು ಸಹಜ.

ಬಾಕಿ ಮುಗಿದ ಮೇಲೆ ದಿನಕ್ಕೆ ಎಷ್ಟು ಹೊಸ ಕಾರ್ಡು? ಇಂದು ಸೇರಿಸುವ ಸಂಖ್ಯೆಯ ಹತ್ತು ಪಟ್ಟಿನವರೆಗೆ ದಿನದ ಪುನರಾವರ್ತನೆ ಬೆಳೆಯಬಹುದು ಎಂಬ ಅಂದಾಜಿನಲ್ಲಿ ನಿರ್ಧರಿಸಿ. 100 ನೋಡಲು ಸಮಯವಿದ್ದವರು 10 ಹೊಸದು ಸೇರಿಸಲಿ.

ಪ್ರಶ್ನೆ: ಜರ್ಮನ್ ಕಲಿಯುತ್ತಿದ್ದೇನೆ. ಪದ ನೆನಪಿರುತ್ತದೆ, ಅದರ ಲಿಂಗ ಸೂಚಿಸುವ ಡೆರ್, ಡೀ, ಡಾಸ್ ಮರೆಯುತ್ತದೆ. ಅದಕ್ಕೆ ಬೇರೆ ಕಾರ್ಡು ಮಾಡಲೇ?

ಉತ್ತರ: ಬೇರೆ ಕಾರ್ಡು ಬೇಡ. ಪದವನ್ನು ಎಂದೂ ಒಂಟಿಯಾಗಿ ಬರೆಯಬೇಡಿ, ‘ಡೀ ಜೊನ್ನೆ’ ಎಂದೇ ಒಂದು ಪದದಂತೆ ಬರೆದು, ಒಂದೇ ಉಸಿರಿನಲ್ಲಿ ಹೇಳಿ. ಡೀ ಮರೆತರೆ ಕಾರ್ಡು ಸೋತಂತೆ. ಸೂರ್ಯ ಎಂಬ ಅರ್ಥದ ಈ ಪದ ಜರ್ಮನ್‌ನಲ್ಲಿ ಸ್ತ್ರೀಲಿಂಗ, ಚಂದ್ರನ ‘ಡೆರ್ ಮೋಂಡ್’ ಪುಲ್ಲಿಂಗ. ಕನ್ನಡದಲ್ಲಿ ಇಬ್ಬರೂ ‘ಅವನು’ ಆದ್ದರಿಂದ ಚಂದ್ರ ಸುಲಭ, ಸೂರ್ಯ ಜಿಗಣೆ. ಇಂಥ ಪದಗಳ ಕಾರ್ಡಿಗೆ ಬಣ್ಣ ಹಚ್ಚಿ: ಮೂರು ಲಿಂಗಕ್ಕೆ ಮೂರು ಬಣ್ಣ, ಆದರೆ ಉತ್ತರದ ಬದಿಯಲ್ಲಿ ಮಾತ್ರ. ಮುಂದೆ ಹಚ್ಚಿದರೆ ಬಣ್ಣವೇ ಉತ್ತರ ಹೇಳಿಬಿಡುತ್ತದೆ.

ನಿಯಮ ಇರುವಲ್ಲಿ ನಿಯಮದ್ದೇ ಕಾರ್ಡು ಮಾಡಿ. ‘ಉಂಗ್’, ‘ಹೈಟ್’, ‘ಕೈಟ್’ ಪ್ರತ್ಯಯ ಸೇರಿ ಆದ ನಾಮಪದಗಳು ಡೀ, ಚಿಕ್ಕದು ಎಂಬ ಅರ್ಥ ಕೊಡುವ ‘ಖೆನ್’ ಸೇರಿದವು ಡಾಸ್. ಈ ನಾಲ್ಕೇ ಕಾರ್ಡು ನೂರಾರು ಪದಗಳ ಭಾರ ಇಳಿಸುತ್ತವೆ.

ಮುಂದೆ ‘ಹೇಳು’ ಎಂದಷ್ಟೇ ಬರೆದ ಕಾರ್ಡುಗಳು ಇದ್ದರೆ ಅವನ್ನೂ ತಿದ್ದಿ. ಆ ಒಂದು ಕನ್ನಡ ಪದಕ್ಕೆ ಜರ್ಮನ್‌ನಲ್ಲಿ ಎರಡು ಮೂರು ಕ್ರಿಯಾಪದಗಳು ಹೊಂದುತ್ತವೆ. ‘ಕಥೆ ಹೇಳು’, ‘ಒಂದು ಮಾತು ಹೇಳು’ ಎಂದು ಬಳಕೆಯ ತುಣುಕು ಕೊಟ್ಟರೆ ಗೊಂದಲ ಇರುವುದಿಲ್ಲ.

ಪ್ರಶ್ನೆ: ಪರೀಕ್ಷೆಗೆ ಹನ್ನೆರಡು ದಿನ. ಐದೈದು ಕಾರ್ಡಿನ ಸಣ್ಣ ಕಟ್ಟುಗಳನ್ನು ಒಂದೊಂದಾಗಿ ಮುಗಿಸುವುದು ಒಳ್ಳೆಯದೋ, ಎಲ್ಲ ಸೇರಿಸಿ ಓದುವುದೋ?

ಉತ್ತರ: ಸೇರಿಸಿ. ಕಾರ್ನೆಲ್ ಎಂಬ ಸಂಶೋಧಕ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೊಡ್ಡ ಕಟ್ಟಿನಿಂದ ಅಂತರ ಬಿಟ್ಟು ಓದುವುದು 90 ಶೇಕಡಾ ಜನರಿಗೆ ಹೆಚ್ಚು ಫಲ ಕೊಟ್ಟಿತು. ಆದರೂ ಮೊದಲ ಸುತ್ತಿನ ನಂತರ 72 ಶೇಕಡಾ ಜನ ಸಣ್ಣ ಕಟ್ಟೇ ಮೇಲು ಎಂದು ನಂಬಿದ್ದರು. ಸಣ್ಣ ಕಟ್ಟಿನಲ್ಲಿ ಉತ್ತರ ಇನ್ನೂ ಕಿವಿಯಲ್ಲೇ ಇರುತ್ತದೆ, ಅದಕ್ಕೇ ಸುಲಭ ಎನಿಸುವುದು. ಹನ್ನೆರಡು ದಿನಕ್ಕೆ ಒಂದು ಕಾರ್ಡು ನಾಲ್ಕು ಸಲ ಬರಲಿ: ಮೊದಲ ದಿನ, ಮೂರನೇ ದಿನ, ಆರನೇ ದಿನ, ಹತ್ತನೇ ದಿನ. ಕೊನೆಯ ಮೂರು ದಿನ ಹೊಸ ಕಾರ್ಡು ಬರೆಯಬೇಡಿ.

ಪ್ರಶ್ನೆ: ಎಲ್ಲ ಮಾಡಿದರೂ ಒಂದು ಕಾರ್ಡು ಬರುತ್ತಿಲ್ಲ. ಎರಡು ಸಲ ಬರೆದೆ, ಚಿತ್ರ ಹಾಕಿದೆ. ಏನು ಮಾಡಲಿ?

ಉತ್ತರ: ಆ ಸಂಗತಿ ನಿಮಗೆ ಬೇಕೇ ಎಂದು ಕೇಳಿಕೊಳ್ಳಿ. ಮುಂದಿನ ಒಂದು ವರ್ಷದಲ್ಲಿ ಅದನ್ನು ಎಲ್ಲಿ ಬಳಸುತ್ತೀರಿ ಎಂಬುದಕ್ಕೆ ಒಂದು ಸಂದರ್ಭವೂ ಹೊಳೆಯದಿದ್ದರೆ ಹರಿದುಹಾಕಿ. ಬೇಕೇ ಬೇಕು ಎನ್ನುವುದಾದರೆ ಕಾರ್ಡನ್ನು ಒಂದು ತಿಂಗಳು ಪಕ್ಕಕ್ಕಿಟ್ಟು, ಅದರ ಸುತ್ತಲಿನ ಅಧ್ಯಾಯವನ್ನು ಮತ್ತೆ ಓದಿ, ಅಕ್ಕಪಕ್ಕದ ಮೂರು ನಾಲ್ಕು ಸಂಗತಿಗಳಿಗೆ ಮೊದಲು ಕಾರ್ಡು ಮಾಡಿ. ಅವು ಗಟ್ಟಿಯಾದ ಮೇಲೆ ಇದನ್ನು ಹೊಸ ಪ್ರಶ್ನೆಯಾಗಿ ಬರೆದು ಒಂದನೇ ಖಾನೆಗೆ ಹಾಕಿ.